ಉಡ ದೊಡ್ಡದೊ, ಹುಳು ದೊಡ್ಡದೊ?

ಪ್ರಾಣಿಗಳ ವಿಷಯದಲ್ಲಿ ಮನುಷ್ಯನು ಕೊಟ್ಟಿರುವ ತೀರ್ಪುಗಳನ್ನೆಲ್ಲ ಒಂದೆಡೆ ಸೇರಿಸಿ ಓದಿದರೆ ಯಾರಿಗಾದರೂ ನಗು ಬಾರದಿರದು. ಸಿಂಹಕ್ಕೆ ಪಟ್ಟ ಕಟ್ಟಿದವರು ನಾವು. ನರಿಗೆ ಕಪಟಿಯೆಂಬ ಬಿರುದನ್ನು ಕೊಟ್ಟವರೂ ನಾವೇ. ಕತ್ತೆಯ ಪಾಡನ್ನಂತೂ ಹೇಳುವುದೇ ಬೇಡ. ಈ ತೀರ್ಪುಗಳಲ್ಲಿ ಹೆಚ್ಚಿನವು ಮೈಕಟ್ಟನ್ನೂ ಮೋರೆಯನ್ನೂ ನೋಡಿ ಕೊಟ್ಟವೇ ಹೊರತು ನಡತೆಯನ್ನು ವಿಚಾರಿಸಿ ಕೊಟ್ಟವಲ್ಲ. ಮೈ ದೊಡ್ಡದಾಗಿರಬೇಕು, ಹಲ್ಲು ಕಾಣಬೇಕು, ಬುಸುಗುಟ್ಟಬೇಕು. ಇಷ್ಟಿದ್ದರೆ ಸಾಕು; ನಮ್ಮ ಭಯ, ನಮ್ಮ ಗೌರವ, ಕೊನೆಗೆ ಸರ್ಕಾರಗಳ ಹಣ ಎಲ್ಲವೂ ಆ ಕಡೆಗೇ ಹರಿಯುತ್ತವೆ. ಇದು ನ್ಯಾಯವಲ್ಲವೆಂಬುದೇ ನನ್ನ ವಾದ. ವಾದವನ್ನು ಬರಿಯ ಮಾತಿನಲ್ಲಿ ಬಿಡದೆ ಎರಡು ಪ್ರಾಣಿಗಳನ್ನು ಎದುರುಬದುರಾಗಿ ನಿಲ್ಲಿಸಿ ತೋರಿಸುತ್ತೇನೆ. ಒಂದು, ಇಂಡೋನೇಷ್ಯದ ಕೊಮೊಡೋ ದ್ವೀಪದ ಮಹಾ ಉಡ. ಇನ್ನೊಂದು, ಅದೇ ಕಡಲಿನ ಹವಳದ ದಿಬ್ಬಗಳಲ್ಲಿ ಹರಿದಾಡುವ ಒಂದು ಬಸವನಹುಳು.

"ಇದೇನು ಹೋಲಿಕೆ! ಆನೆಗೂ ಇರುವೆಗೂ ಸರಿತೂಗಿಸಿದ ಹಾಗಾಯಿತಲ್ಲ" ಎಂದು ವಾಚಕರು ಹುಬ್ಬೇರಿಸಬಹುದು. ಸ್ವಲ್ಪ ತಾಳಬೇಕು. ಇವೆರಡೂ ಒಂದೇ ದ್ವೀಪಸ್ತೋಮದ ನಿವಾಸಿಗಳು, ಎರಡೂ ಮಾಂಸಾಹಾರಿಗಳು, ಎರಡೂ ವಿಷವುಳ್ಳವು. ಒಂದು ದಡದ ಮೇಲೆ ಬೇಟೆಯಾಡಿದರೆ ಇನ್ನೊಂದು ದಡದಿಂದ ಕೆಲವು ಮಾರು ದೂರದ ನೀರಿನಲ್ಲಿ ಬೇಟೆಯಾಡುತ್ತದೆ. ಹೋಲಿಸುವುದಕ್ಕೆ ಇಷ್ಟು ಸಾಮ್ಯ ಸಾಲದೆ? ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿಯಲ್ಲ, ಚರಿತ್ರೆಯ ವಿದ್ಯಾರ್ಥಿ. ಆದರೆ ಕೀರ್ತಿ ಯಾರಿಗೆ ಹೇಗೆ ಸಂದಿತು ಎಂಬುದನ್ನು ವಿಚಾರಿಸುವುದು ಚರಿತ್ರೆಯ ಕೆಲಸವೇ ಆಗಿದೆಯಷ್ಟೆ.

ಮೊದಲು ಉಡವನ್ನೇ ತೆಗೆದುಕೊಳ್ಳೋಣ. ಉಡವೆಂದರೆ ಕನ್ನಡಿಗರಿಗೆ ಹೊಸದಲ್ಲ. ಹೊಲದ ಬದುವಿನಲ್ಲಿ, ಹಾಳುಗೋಡೆಯ ಸಂದಿನಲ್ಲಿ ಅದನ್ನು ಕಾಣದ ಹಳ್ಳಿಯವರಿಲ್ಲ. ಅದು ಹಿಡಿದರೆ ಬಿಡದು ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಮರಾಠಿಯಲ್ಲಿ ಘೋರ್ಪಡ್ ಎಂದರೆ ಉಡ. ನಮ್ಮ ಮುಧೋಳದ ಘೋರ್ಪಡೆ ಮನೆತನಕ್ಕೆ ಆ ಹೆಸರು ಬಂದದ್ದು, ಅವರ ಪೂರ್ವಿಕರು ಉಡದ ಸಹಾಯದಿಂದ ಕೋಟೆಯ ಗೋಡೆ ಹತ್ತಿದುದರಿಂದ ಎಂಬ ಐತಿಹ್ಯವುಂಟು. ನಿಜವಿರಲಿ ಸುಳ್ಳಿರಲಿ, ಐತಿಹ್ಯ ಸೊಗಸಾಗಿದೆ. ನಮ್ಮ ಈ ಉಡವನ್ನೇ ಹಿಗ್ಗಿಸಿ, ಮೂಗಿನಿಂದ ಬಾಲದ ತುದಿಯವರೆಗೆ ಹತ್ತು ಅಡಿಗಳಾಗುವಷ್ಟು ಬೆಳೆಸಿ, ಎಪ್ಪತ್ತು ಕಿಲೋಗ್ರಾಮು ತೂಕ ಕೊಟ್ಟರೆ ಕೊಮೊಡೋ ಉಡವಾಗುತ್ತದೆ. ಇಂದು ಬದುಕಿರುವ ಹಲ್ಲಿಗಳ ವಂಶದಲ್ಲೆಲ್ಲ ಇದೇ ಅತಿ ದೊಡ್ಡದು. ಅಲ್ಲಿಯ ಜನ ಇದನ್ನು 'ಓರಾ' ಎಂದು ಕರೆಯುತ್ತಾರೆ. ಒಬ್ಬಳು ರಾಜಕುಮಾರಿಗೆ ಅವಳಿ ಮಕ್ಕಳಾದವೆಂದೂ, ಒಂದು ಮನುಷ್ಯಶಿಶು, ಇನ್ನೊಂದು ಓರಾ ಎಂದೂ ಅವರಲ್ಲಿ ಕಥೆಯಿದೆ. ಆದ್ದರಿಂದ ಅದು ಅವರಿಗೆ ಒಡಹುಟ್ಟು.

ಹೊರಗಿನ ಲೋಕಕ್ಕೆ ಈ ಪ್ರಾಣಿಯ ವಿಷಯ ತಿಳಿದದ್ದು ತೀರ ಈಚೆಗೆ. ಡಚ್ಚರ ಆಳ್ವಿಕೆಯ ಕಾಲದಲ್ಲಿ ಒಬ್ಬ ಸೇನಾಧಿಕಾರಿಯು ಕೊಮೊಡೋ ದ್ವೀಪದಲ್ಲಿ ಇದನ್ನು ಕಂಡು, ಕೊಂದು, ಚಿತ್ರವನ್ನೂ ಚರ್ಮವನ್ನೂ ಜಾವಾದ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿದನು. ಅಲ್ಲಿನ ಮುಖ್ಯಸ್ಥನಾಗಿದ್ದ ಪೀಟರ್ ಔವೆನ್ಸನು ೧೯೧೨ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು. ೧೯೨೬ರಲ್ಲಿ ಡಗ್ಲಸ್ ಬರ್ಡನ್ ಎಂಬ ಅಮೆರಿಕದ ಶ್ರೀಮಂತನು ದಂಡು ಕಟ್ಟಿಕೊಂಡು ಬಂದು ಎರಡು ಉಡಗಳನ್ನು ಜೀವಂತವಾಗಿ ನ್ಯೂಯಾರ್ಕಿಗೆ ಸಾಗಿಸಿದನು. 'ಡ್ರ್ಯಾಗನ್' ಎಂಬ ಹೆಸರು ಊರೂರು ಹಬ್ಬಿತು. ಅವನು ಹೇಳಿದ ವೃತ್ತಾಂತವೇ ೧೯೩೩ರ 'ಕಿಂಗ್ ಕಾಂಗ್' ಚಲನಚಿತ್ರಕ್ಕೆ ಪ್ರೇರಣೆಗಳಲ್ಲಿ ಒಂದಾಯಿತು. ಒಂದು ಹಲ್ಲಿ ಸಿನಿಮಾದವರ ಕೈಗೆ ಸಿಕ್ಕಮೇಲೆ ಅದರ ಕೀರ್ತಿಗೆ ಎಣೆಯುಂಟೆ?

ಕೀರ್ತಿಯ ಜೊತೆಗೆ ಒಂದು ಅಪಕೀರ್ತಿಯೂ ಅಂಟಿಕೊಂಡಿತು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ವಾಲ್ಟರ್ ಔಫೆನ್‌ಬರ್ಗ್ ಎಂಬ ಅಮೆರಿಕದ ವಿದ್ವಾಂಸನು ೧೯೬೯ರಲ್ಲಿ ಹೆಂಡತಿಮಕ್ಕಳ ಸಮೇತ ಕೊಮೊಡೋ ದ್ವೀಪಕ್ಕೆ ಹೋಗಿ, ಸುಮಾರು ಒಂದು ವರ್ಷ ಅಲ್ಲಿಯೇ ನೆಲಸಿ, ಉಡಗಳ ಬಾಳನ್ನು ಕಣ್ಣಾರೆ ನೋಡಿ ೧೯೮೧ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದನು. ಉಡ ಕಚ್ಚಿದ ಕೋಣಗಳು ಕೂಡಲೇ ಸಾಯದೆ ಕೆಲವು ದಿನಗಳ ಮೇಲೆ ಗಾಯ ಕೊಳೆತು ಸಾಯುವುದನ್ನು ಅವನು ಕಂಡನು. ಉಡದ ಜೊಲ್ಲಿನಲ್ಲಿರುವ ಸೂಕ್ಷ್ಮಜೀವಿಗಳೇ ಇದಕ್ಕೆ ಕಾರಣವಾಗಿರಬಹುದೆಂದು ಊಹಿಸಿದನು. ಊಹೆ ಎಂದಮೇಲೆ ಊಹೆ. ಆದರೆ ಅದು ಪುಸ್ತಕದಿಂದ ಪುಸ್ತಕಕ್ಕೆ, ಪುಸ್ತಕದಿಂದ ದೂರದರ್ಶನಕ್ಕೆ ದಾಟುತ್ತ ದಾಟುತ್ತ 'ಬಹುದು' ಎಂಬ ಪದವನ್ನು ಎಲ್ಲಿಯೋ ಕಳೆದುಕೊಂಡಿತು. ಉಡದ ಬಾಯಿ ನರಕದ ಗುಂಡಿಯೆಂದೂ, ಅದು ಬೇಕೆಂದೇ ಬಾಯನ್ನು ಹೊಲಸಾಗಿಟ್ಟುಕೊಂಡಿದೆಯೆಂದೂ ಮಕ್ಕಳ ಪುಸ್ತಕಗಳಲ್ಲಿಯೂ ಅಚ್ಚಾಯಿತು. ಕಾಲು ಶತಮಾನ ಲೋಕವೆಲ್ಲ ಅದನ್ನು ನಂಬಿಕೊಂಡಿತ್ತು.

೨೦೦೯ರಲ್ಲಿ, ಆಸ್ಟ್ರೇಲಿಯದಲ್ಲಿ ಕೆಲಸಮಾಡುತ್ತಿದ್ದ ಬ್ರಯಾನ್ ಫ್ರೈ ಮತ್ತು ಸಂಗಡಿಗರು ಉಡದ ತಲೆಯನ್ನು ಆಸ್ಪತ್ರೆಯ ಸ್ಕ್ಯಾನ್ ಯಂತ್ರದಲ್ಲಿಟ್ಟು ನೋಡಿದರು. ಕೆಳದವಡೆಯಲ್ಲಿ ವಿಷಗ್ರಂಥಿ ಇದ್ದಿತು. ಅದರ ನಾಳಗಳು ಹಲ್ಲುಗಳ ನಡುನಡುವೆ ತೆರೆದುಕೊಂಡಿದ್ದುವು. ಆ ವಿಷ ರಕ್ತದ ಒತ್ತಡವನ್ನು ಇಳಿಸುತ್ತದೆ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ೨೦೧೩ರಲ್ಲಿ ಅಮೆರಿಕದ ಪ್ರಾಣಿಸಂಗ್ರಹಾಲಯಗಳ ಉಡಗಳ ಬಾಯನ್ನು ಪರೀಕ್ಷಿಸಿದಾಗ, ಇತರ ಮಾಂಸಾಹಾರಿ ಪ್ರಾಣಿಗಳ ಬಾಯಲ್ಲಿರುವುದಕ್ಕಿಂತ ವಿಶೇಷವಾದ ಕೊಳಕೇನೂ ಅಲ್ಲಿ ಸಿಕ್ಕಲಿಲ್ಲ. ಉಂಡಮೇಲೆ ಅದು ತುಟಿ ನೆಕ್ಕಿ, ಮೂತಿಯನ್ನು ಎಲೆಗಳಿಗೆ ಒರಸಿಕೊಂಡು ಶುಚಿಮಾಡಿಕೊಳ್ಳುತ್ತದೆಂದೂ ತಿಳಿಯಿತು. ಹಾಗಾದರೆ ಆ ಕೋಣಗಳ ಗಾಯ ಕೊಳೆತದ್ದೇಕೆ? ಕೋಣಗಳು ಆ ದ್ವೀಪದ ಮೂಲನಿವಾಸಿಗಳಲ್ಲ; ಮನುಷ್ಯರು ತಂದು ಬಿಟ್ಟವು. ಕಚ್ಚಿಸಿಕೊಂಡ ಕೋಣ ತನ್ನ ಜಾತಿಸ್ವಭಾವದಂತೆ ನೀರಿಗೆ ಓಡುತ್ತದೆ. ಆ ಒಣದ್ವೀಪದಲ್ಲಿರುವ ನೀರೆಂದರೆ ಕೋಣಗಳೇ ಸಗಣಿ ಹಾಕಿ ಕದಡಿದ ಹೊಂಡ. ತೆರೆದ ಗಾಯವನ್ನಿಟ್ಟುಕೊಂಡು ಅದರಲ್ಲಿ ನಿಂತರೆ ಏನಾಗಬೇಕೋ ಅದಾಗುತ್ತದೆ. ಹೊಂಡದ ಕೊಳೆಯನ್ನು ಉಡದ ಬಾಯಿಗೆ ಹಚ್ಚಿದ್ದರು, ಅಷ್ಟೆ.

ವಿಷದ ಪಾತ್ರ ಎಷ್ಟೆಂಬುದರಲ್ಲಿ ಈಗಲೂ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕೆಲವರು, ಆ ಹಲ್ಲುಗಳಿರುವಾಗ ವಿಷವೇಕೆ ಎನ್ನುತ್ತಾರೆ. ಅವರ ಮಾತಿನಲ್ಲಿ ತಿರುಳಿಲ್ಲದಿಲ್ಲ. ಸುಮಾರು ಅರವತ್ತು ಹಲ್ಲುಗಳು, ಒಂದೊಂದಕ್ಕೂ ಗರಗಸದ ಅಂಚು. ಆ ಅಂಚಿಗೂ ತುದಿಗೂ ಕಬ್ಬಿಣದ ಅಂಶದ ಕಿತ್ತಳೆ ಬಣ್ಣದ ಲೇಪವಿದೆಯೆಂದು ೨೦೨೪ರಲ್ಲಿ ಕಂಡುಬಂದಿತು. ಹಿಡಿದು, ಹಿಂದಕ್ಕೆ ಜಗ್ಗಿ, ಸೀಳಿಬಿಡುವುದು ಅದರ ಕ್ರಮ. ಒಂದು ಊಟಕ್ಕೆ ತನ್ನ ಮೈತೂಕದ ನೂರಕ್ಕೆ ಎಂಬತ್ತರಷ್ಟನ್ನು ನುಂಗಬಲ್ಲುದು. ಮದುವೆಮನೆಯ ಪಂಕ್ತಿಯಲ್ಲಿ ಹೆಸರುವಾಸಿಯಾದ ನಮ್ಮ ಮಹನೀಯರು ಕೂಡ ಇದರ ಮುಂದೆ ತಲೆಬಾಗಬೇಕು.

ಇನ್ನು ಹುಳುವಿನ ವಿಷಯ. ಗಣಿತದ ಪುಸ್ತಕದಲ್ಲಿ ಬರುವ ಶಂಕುವಿನ ಆಕಾರದ ಚಿಪ್ಪು ಇದಕ್ಕಿರುವುದರಿಂದ ಇದನ್ನು ಶಂಕುಹುಳುವೆಂದು ಕರೆಯೋಣ. 'ಶಂಖ'ವೆಂದು ಓದಿಕೊಳ್ಳಬೇಡಿ, ನಾವು ಪೂಜೆಯಲ್ಲಿ ಊದುವ ಶಂಖದ ಪ್ರಾಣಿ ಬೇರೆ, ಅದು ಸಾಧು. ಶಂಕುಹುಳುಗಳಲ್ಲಿ ನೂರಾರು ಜಾತಿಗಳುಂಟು. ಬೆಚ್ಚನೆಯ ಕಡಲುಗಳಲ್ಲೆಲ್ಲ ಇವೆ. ನಮ್ಮ ಲಕ್ಷದ್ವೀಪದಲ್ಲಿಯೂ ರಾಮೇಶ್ವರದ ಕಡೆಯ ಮನ್ನಾರ್ ಕೊಲ್ಲಿಯಲ್ಲಿಯೂ ಇವೆ. ಬೆರಳಿನಷ್ಟುದ್ದದ್ದೇ ಹೆಚ್ಚು, ಗೇಣುದ್ದಕ್ಕೆ ಬಂದರೆ ದೊಡ್ಡದೆನ್ನಬೇಕು. ಚಿಪ್ಪಿನ ಮೇಲಿನ ಚಿತ್ತಾರವನ್ನಂತೂ ಬಣ್ಣಿಸಲಳವಲ್ಲ. ಕೆಲವದರ ಮೇಲೆ ಬಲೆ, ಕೆಲವದರ ಮೇಲೆ ಹುಲಿಪಟ್ಟೆ, ಕೆಲವದರ ಮೇಲೆ ನೆಯ್ಗೆಯ ಅಂಚು. ೧೬೫೦ರಲ್ಲಿ ರೆಂಬ್ರಾಂಟನಂಥ ಮಹಾಚಿತ್ರಕಾರನು ಇಂಥ ಒಂದು ಚಿಪ್ಪನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ತೆಗೆದನು. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದನ್ನು ಗಮನಿಸಿ ತನ್ನ ಸಹಿಯನ್ನೇನೋ ತಿರುಗುಮುರುಗಾಗಿ ಕೊರೆದನು. ಚಿಪ್ಪನ್ನು ಹಾಗೆ ಕೊರೆಯಲಿಲ್ಲ. ಆದ್ದರಿಂದ ರೆಂಬ್ರಾಂಟನ ಶಂಕು ಪ್ರಕೃತಿಗೆ ವಿರುದ್ಧವಾಗಿ ಎಡಕ್ಕೆ ಸುತ್ತಿಕೊಂಡಿದೆ. ೧೭೯೬ರಲ್ಲಿ ಆಮ್‌ಸ್ಟರ್‌ಡಾಮಿನ ಒಂದು ಹರಾಜಿನಲ್ಲಿ ಶಂಕುವಿನ ಒಂದು ಚಿಪ್ಪು, ವರ್ಮೀರನ ವರ್ಣಚಿತ್ರವೊಂದಕ್ಕಿಂತ ಐದು ಪಟ್ಟಿಗೂ ಹೆಚ್ಚಿನ ಬೆಲೆಗೆ ಹೋಯಿತು. ಇಂದು ಆ ಚಿತ್ರವನ್ನು ಕೊಳ್ಳಲು ಒಂದು ರಾಜ್ಯದ ಬೊಕ್ಕಸ ಬೇಕಾದೀತು.

ಹೀಗೆ ಈ ಹುಳುವಿಗೂ ಕೀರ್ತಿಯಿಲ್ಲದಿಲ್ಲ. ಆದರೆ ಅದೆಲ್ಲ ಅದರ ಅಂಗಿಗೆ ಸಂದ ಕೀರ್ತಿ. ಒಳಗಿನ ಜೀವವನ್ನು ಕೆದಕಿ ತೆಗೆದು ಎಸೆದ ಮೇಲೆಯೇ ಸಂಗ್ರಹಕಾರರ ಆನಂದ ಆರಂಭವಾಗುವುದು. ಆ ಎಸೆದ ಭಾಗವೇ ನಮ್ಮ ಕಥಾನಾಯಕ.

ಸಾಮಾನ್ಯ ಬಸವನಹುಳುವಿನ ಬಾಯಲ್ಲಿ ಅರದಂತಹ ನಾಲಗೆಯಿರುತ್ತದೆ. ಅದರಿಂದ ಅದು ಎಲೆಯನ್ನೋ ಪಾಚಿಯನ್ನೋ ಕೆರೆದು ತಿನ್ನುತ್ತದೆ. ಶಂಕುಹುಳುವಿನಲ್ಲಿ ಈ ಅರದ ಹಲ್ಲುಗಳು ಒಂದೊಂದೂ ಬೇರೆಯಾಗಿ, ಉದ್ದವಾಗಿ, ಒಳಗೆ ಟೊಳ್ಳಾಗಿ, ತುದಿಯಲ್ಲಿ ಕೊಕ್ಕೆಯುಳ್ಳ ಈಟಿಗಳಾಗಿವೆ. ಇವನ್ನು ಅದು ಬತ್ತಳಿಕೆಯಂತಹ ಚೀಲದಲ್ಲಿ ಕೂಡಿಟ್ಟಿರುತ್ತದೆ. ಬೇಟೆ ಹತ್ತಿರ ಬಂದಾಗ ಸೊಂಡಿಲಿನಂತಹ ನಳಿಗೆಯನ್ನು ಹೊರಚಾಚಿ, ತುದಿಯಲ್ಲಿ ಒಂದು ಈಟಿಯನ್ನು ಹಿಡಿದು, ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಚುಚ್ಚುತ್ತದೆ. ಒಳಗಿನ ಸ್ನಾಯುವಿನ ಬುಗ್ಗೆ ವಿಷವನ್ನು ಆ ಟೊಳ್ಳಿನ ಮೂಲಕ ಒತ್ತುತ್ತದೆ. ವೈದ್ಯರ ಚುಚ್ಚುಮದ್ದಿನ ಸೂಜಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಒಂದು ಸಲ ಬಳಸಿದ ಸೂಜಿಯನ್ನು ಬಿಸಾಡಬೇಕೆಂಬ ನಿಯಮವನ್ನು ಕೂಡ ಈ ಹುಳು ನಮಗಿಂತ ಮೊದಲೇ ಪಾಲಿಸಿಕೊಂಡು ಬಂದಿದೆ!

ಹೆಚ್ಚಿನ ಜಾತಿಗಳ ಆಹಾರ ಕಡಲಿನ ಎರೆಹುಳುಗಳಂಥವು; ಕೆಲವು ಇತರ ಬಸವನಹುಳುಗಳನ್ನೇ ತಿನ್ನುತ್ತವೆ. ಆದರೆ ಮೀನನ್ನು ಹಿಡಿಯುವ ಜಾತಿಗಳದೇ ಸೋಜಿಗ. ಬಸವನಹುಳು ಮೀನನ್ನು ಹಿಡಿಯುವುದೆಂದರೆ ಎತ್ತಿನಗಾಡಿ ಮೋಟಾರನ್ನು ಅಟ್ಟಿ ಹಿಡಿದಂತಲ್ಲವೆ? ಹಿಡಿಯುತ್ತದೆ, ಸಂದೇಹವಿಲ್ಲ. ಕೆಲವು ಜಾತಿಗಳು ಈಟಿಯಿಂದ ಚುಚ್ಚಿ, ಗಾಳಕ್ಕೆ ಸಿಕ್ಕಿದ ಮೀನನ್ನು ಎಳೆದುಕೊಳ್ಳುವಂತೆ ಎಳೆದುಕೊಳ್ಳುತ್ತವೆ. ಇವುಗಳ ವಿಷದಲ್ಲಿ ಎರಡು ತಂಡಗಳುಂಟು: ಒಂದು ತಂಡ ನರಗಳನ್ನು ಒಮ್ಮೆಗೇ ಕೆರಳಿಸಿ ಮೀನನ್ನು ಇದ್ದಲ್ಲಿಯೇ ಸೆಟೆದು ನಿಲ್ಲಿಸುತ್ತದೆ, ಅಷ್ಟರಲ್ಲಿ ಇನ್ನೊಂದು ತಂಡ ನಿಧಾನವಾಗಿ ಸ್ನಾಯುಗಳಿಗೆ ಹೋಗುವ ಆಜ್ಞೆಗಳನ್ನೆಲ್ಲ ಕಡಿದುಹಾಕುತ್ತದೆ. ಇವನ್ನು ಪರಿಶೀಲಿಸಿದ ವಿಜ್ಞಾನಿಗಳು ಈ ತಂಡಗಳಿಗೆ, ರಾಜಕೀಯದಲ್ಲಿ ಸಂಚುಗಾರರ ಗುಂಪಿಗೆ ಹೇಳುವ ಪದವನ್ನೇ ಇಟ್ಟಿದ್ದಾರೆ. ಇನ್ನು 'ಜಿಯಾಗ್ರಫಸ್' ಎಂಬ ಜಾತಿಯ ರೀತಿಯೇ ಬೇರೆ. ಅದು ತನ್ನ ಬಾಯನ್ನು ಬಲೆಯಂತೆ ಅಗಲವಾಗಿ ಹರಡುತ್ತದೆ. ಮೀನುಗಳು ಮಂಪರು ಕವಿದಂತೆ ಆ ಬಲೆಯೊಳಗೆ ಉಳಿದುಬಿಡುತ್ತವೆ. ೨೦೧೫ರಲ್ಲಿ ಇದರ ವಿಷದಲ್ಲಿ ಇನ್ಸುಲಿನ್ ಇರುವುದು ಗೊತ್ತಾಯಿತು. ಅದು ಹುಳುವಿನ ಸ್ವಂತ ಉಪಯೋಗದ ಇನ್ಸುಲಿನ್ ಅಲ್ಲ, ಮೀನಿನ ಇನ್ಸುಲಿನ್ನನ್ನು ಹೋಲುವಂಥದು. ಮೀನಿನ ರಕ್ತದ ಸಕ್ಕರೆಯನ್ನು ಇಳಿಸಿ, ಅದಕ್ಕೆ ಈಜುವ ತ್ರಾಣವಿಲ್ಲದಂತೆ ಮಾಡಬಲ್ಲುದು. ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆಯವರು ದಿನವೂ ಚುಚ್ಚಿಕೊಳ್ಳುವ ಮದ್ದನ್ನು ಆಯುಧವಾಗಿ ಬಳಸುವ ಪ್ರಾಣಿ ಲೋಕದಲ್ಲಿ ಇನ್ನೊಂದು ಯಾವುದಿದ್ದೀತು?

ಮನುಷ್ಯರಿಗೂ ಇದರ ರುಚಿ ತಟ್ಟಿದೆ. ಅಂಬೋನ್ ದ್ವೀಪದಲ್ಲಿ ಬಾಳಿ, ಕಣ್ಣು ಕಳೆದುಕೊಂಡ ಮೇಲೂ ಬರೆಯುವುದನ್ನು ಬಿಡದ ರಂಫಿಯಸ್ ಎಂಬ ಪಂಡಿತನ ಗ್ರಂಥ ೧೭೦೫ರಲ್ಲಿ ಅಚ್ಚಾಯಿತು. ಬಾಂದಾ ದ್ವೀಪದ ಒಬ್ಬ ದಾಸಿಯು ಶಂಕುಹುಳುವನ್ನು ಕೈಯಲ್ಲಿ ಹಿಡಿದು ಸತ್ತ ವಿಷಯ ಅದರಲ್ಲಿದೆ. ೧೯೩೫ರಲ್ಲಿ ಆಸ್ಟ್ರೇಲಿಯದ ಹೇಮನ್ ದ್ವೀಪದಲ್ಲಿ ಇಪ್ಪತ್ತೇಳು ವರ್ಷದ ಯುವಕನೊಬ್ಬನು ಅಂದವಾದ ಒಂದು ಜಿಯಾಗ್ರಫಸ್ ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಚಾಕುವಿನಿಂದ ಅದರ ಮೇಲ್ಪೊರೆಯನ್ನು ಕೆರೆಯುತ್ತಿದ್ದನು. ಚುಚ್ಚಿದಾಗ ಹೆಚ್ಚು ನೋವೇ ಆಗಲಿಲ್ಲ. ತುಟಿ ಜೋಮು ಹಿಡಿಯಿತು, ಕಣ್ಣು ಮಂಜಾಯಿತು, ಕಾಲು ಸೋತಿತು; ಕೆಲವೇ ಗಂಟೆಗಳಲ್ಲಿ ತೀರಿಕೊಂಡನು. ನೋವಿಲ್ಲದಿರುವುದಕ್ಕೆ ಕಾರಣವೂ ಉಂಟು. ಈ ವಿಷದಲ್ಲಿ ನೋವನ್ನಡಗಿಸುವ ಪದಾರ್ಥಗಳೂ ಸೇರಿರುತ್ತವೆ. ಹಾವಿನ ವಿಷಕ್ಕಿರುವಂತೆ ಇದಕ್ಕೆ ಪ್ರತಿವಿಷವಿಲ್ಲ. ವಿಷದ ಪ್ರಭಾವ ಇಳಿಯುವವರೆಗೆ ಉಸಿರಾಟವನ್ನು ಯಂತ್ರದಿಂದ ನಡೆಸುವುದೊಂದೇ ಉಪಾಯ. ಕಚ್ಚಿಸಿಕೊಂಡವನಿಗೆ ಒಂದು ಸಿಗರೇಟು ಸೇದುವಷ್ಟು ಹೊತ್ತು ಮಾತ್ರ ಉಳಿಯುವುದೆಂದು ಹೇಳಿ ಇದಕ್ಕೆ 'ಸಿಗರೇಟು ಹುಳು' ಎಂದು ಅಡ್ಡಹೆಸರಿಟ್ಟವರುಂಟು. ಅದು ಉತ್ಪ್ರೇಕ್ಷೆ, ಆದರೆ ಉತ್ಪ್ರೇಕ್ಷೆಗೆ ಒಂದು ಬುಡವಿದೆ.

ಈಗ ಎರಡನ್ನೂ ತಕ್ಕಡಿಯಲ್ಲಿಡೋಣ. ಸತ್ತವರ ಲೆಕ್ಕ ಹಿಡಿದರೆ ಎರಡೂ ದೊಡ್ಡ ಹಂತಕರಲ್ಲ. ೧೯೭೪ರಿಂದ ೨೦೧೨ರವರೆಗೆ ಉಡಗಳು ಮನುಷ್ಯರ ಮೇಲೆ ಬಿದ್ದ ಪ್ರಸಂಗಗಳು ಇಪ್ಪತ್ನಾಲ್ಕು, ಸತ್ತವರು ಐದು ಮಂದಿ ಎಂದು ಅಲ್ಲಿಯ ರಾಷ್ಟ್ರೀಯ ಉದ್ಯಾನದ ದಾಖಲೆ ಹೇಳುತ್ತದೆ. ಶಂಕುಹುಳುವಿನಿಂದಾದ ಸಾವುಗಳು ಮೂರು ಶತಮಾನಗಳಲ್ಲಿ ದಾಖಲೆಯಾಗಿರುವವು ಕೆಲವು ಹತ್ತುಗಳಷ್ಟೆ. ಭಯದ ದೃಷ್ಟಿಯಿಂದ ಇಬ್ಬರನ್ನೂ ಬಿಟ್ಟುಬಿಡಬಹುದು. ಆದರೆ ವಿಷವೆಂಬ ವಿದ್ಯೆಯಲ್ಲಿ ಯಾರು ಪಾರಂಗತರೆಂದು ಕೇಳಿದರೆ, ಉತ್ತರದಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಉಡದ ವಿಷ ಅದರ ಹಲ್ಲಿಗೆ ಸಹಾಯಕ. ಹುಳುವಿನ ವಿಷ ಅದರ ಸರ್ವಸ್ವ.

ಇದಕ್ಕೆ ಕಾರಣವನ್ನು ವಿಚಾರಿಸಿದರೆ ಇನ್ನೂ ಸ್ವಾರಸ್ಯವಿದೆ. ಉಡಕ್ಕೆ ಕಾಲುಂಟು, ಸೀಳುನಾಲಗೆಯುಂಟು. ಕಚ್ಚಿಸಿಕೊಂಡ ಜಿಂಕೆ ತಪ್ಪಿಸಿಕೊಂಡು ಎಷ್ಟೋ ದೂರ ಹೋದರೂ ಗಾಳಿಯಲ್ಲಿ ನಾಲಗೆಯಾಡಿಸಿ ವಾಸನೆ ಹಿಡಿದು, ಸಾವಕಾಶವಾಗಿ ಹೋಗಿ ಉಣ್ಣಬಹುದು. ಅದಕ್ಕೆ ಅವಸರವಿಲ್ಲ, ಆದ್ದರಿಂದ ತೀವ್ರವಾದ ವಿಷದ ಅಗತ್ಯವೂ ಇಲ್ಲ. ಹುಳುವಿನ ಗತಿ ಹಾಗಲ್ಲ. ಚುಚ್ಚಿಸಿಕೊಂಡ ಮೀನು ನಾಲ್ಕು ಮಾರು ಈಜಿ ಹೋಗಿ ಸತ್ತಿತೋ, ಆ ಊಟ ಇನ್ನಾರದೋ ಪಾಲಾಯಿತು. ನಿಧಾನಗಾಮಿಯ ವಿಷ ಮಿಂಚಿನಂತಿರಲೇಬೇಕು. ಅಲ್ಲದೆ ಒಂದು ವಿಷ ಸಾಲದು. ಒಂದೊಂದು ಜಾತಿಯಲ್ಲಿ ನೂರಕ್ಕೂ ಮೇಲ್ಪಟ್ಟು ಬೇರೆ ಬೇರೆ ಪೆಪ್ಟೈಡುಗಳು. ಒಂದು ಈ ನರದ ಬಾಗಿಲಿಗೆ ಬೀಗ, ಇನ್ನೊಂದು ಆ ನರದ ಬಾಗಿಲಿಗೆ ಬೀಗ. ಲೋಕದ ಯಾವ ಔಷಧಶಾಲೆಯ ಕಪಾಟಿನಲ್ಲಿಯೂ ನರಗಳಿಗೆ ಸಂಬಂಧಿಸಿದ ಇಷ್ಟು ಬಗೆಯ ಪದಾರ್ಥಗಳು ಸಿಕ್ಕಲಾರವು.

ಔಷಧದ ಮಾತು ಬಂದುದರಿಂದ ಬಾಲ್ಡೊಮೆರೊ ಒಲಿವೆರಾ ಅವರ ವಿಷಯ ಹೇಳಲೇಬೇಕು. ಇವರು ಫಿಲಿಪ್ಪೀನ್ಸಿನವರು. ಅಮೆರಿಕದಲ್ಲಿ ಉನ್ನತ ವ್ಯಾಸಂಗ ಮುಗಿಸಿ ಮನಿಲಾಕ್ಕೆ ಹಿಂದಿರುಗಿದಾಗ ಅಲ್ಲಿಯ ಪ್ರಯೋಗಶಾಲೆಯಲ್ಲಿ ತಮ್ಮ ವಿಷಯಕ್ಕೆ ಬೇಕಾದ ಉಪಕರಣಗಳೊಂದೂ ಇರಲಿಲ್ಲ. ಕೈಕಟ್ಟಿ ಕೂರುವ ಬದಲು, ತಮ್ಮ ದೇಶದ ಕಡಲಿನಲ್ಲಿ ಧಾರಾಳವಾಗಿ ಸಿಕ್ಕುವ, ಹೆಚ್ಚು ಯಂತ್ರಗಳಿಲ್ಲದೆಯೂ ಪರಿಶೋಧಿಸಬಹುದಾದ ವಸ್ತು ಯಾವುದೆಂದು ಯೋಚಿಸಿ ಶಂಕುಹುಳುವನ್ನು ಆರಿಸಿಕೊಂಡರು. ಮುಂದೆ ಅವರು ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯಕ್ಕೆ ಹೋದರೂ ಹುಳುವನ್ನು ಬಿಡಲಿಲ್ಲ. ಅಲ್ಲಿ ಅವರ ಕೈಕೆಳಗೆ ದುಡಿದ ತರುಣ ವಿದ್ಯಾರ್ಥಿಗಳೇ ದೊಡ್ಡ ದೊಡ್ಡ ಶೋಧಗಳನ್ನು ಮಾಡಿದರು. ಕ್ರೇಗ್ ಕ್ಲಾರ್ಕ್ ಎಂಬ ವಿದ್ಯಾರ್ಥಿ ವಿಷದ ಒಂದೊಂದು ಅಂಶವನ್ನೂ ಬೇರೆ ಬೇರೆಯಾಗಿ ಇಲಿಯ ಮಿದುಳಿಗೇ ಚುಚ್ಚಿ ನೋಡಿದನು: ಒಂದರಿಂದ ಇಲಿ ನಿದ್ರಿಸಿತು, ಒಂದರಿಂದ ನಡುಗಿತು, ಇನ್ನೊಂದರಿಂದ ಓಡಾಡಿತು. ಮೈಕೇಲ್ ಮ್ಯಾಕಿಂಟಾಷ್ ಎಂಬ, ಆಗತಾನೆ ಪ್ರೌಢಶಾಲೆ ಮುಗಿಸಿದ್ದ ಹುಡುಗನು, 'ಮಾಗಸ್' ಎಂಬ ಜಾತಿಯ ಹುಳುವಿನಲ್ಲಿ ಪತ್ತೆಮಾಡಿದ ಅಂಶವೇ ಮುಂದೆ ಜಿಕೊನೊಟೈಡ್ ಎಂಬ ಔಷಧವಾಯಿತು. ಅಮೆರಿಕ ಸರ್ಕಾರ ೨೦೦೪ರ ಡಿಸೆಂಬರಿನಲ್ಲಿ ಅದಕ್ಕೆ ಮಂಜೂರಾತಿ ಕೊಟ್ಟಿತು. ಮಾರ್ಫೀನಿಗೂ ಬಗ್ಗದ ನೋವಿನಿಂದ ನರಳುವ ಕ್ಯಾನ್ಸರ್ ರೋಗಿಗಳಿಗೆ, ನೋವಿನ ಸುದ್ದಿ ಮಿದುಳಿಗೆ ತಲಪುವ ದಾರಿಯಲ್ಲಿಯೇ ಇದು ಬಾಗಿಲು ಹಾಕುತ್ತದೆ. ಮಾರ್ಫೀನಿನಂತೆ ಚಟ ಹಿಡಿಸುವುದಿಲ್ಲ. ಇದನ್ನು ಬೆನ್ನುಹುರಿಯ ದ್ರವಕ್ಕೇ ಪಂಪಿನ ಮೂಲಕ ಹನಿಸಬೇಕು, ಬೆಲೆ ಬಹಳ, ಕೆಲವರಿಗೆ ಬುದ್ಧಿಭ್ರಮೆಯಾಗುವುದೂ ಉಂಟು. ಎಲ್ಲರಿಗೂ ಎಟಕುವ ಸಂಜೀವಿನಿಯೇನಲ್ಲ. ಆದರೂ ಬೇರೆ ಯಾವುದಕ್ಕೂ ಜಗ್ಗದ ನೋವಿರುವವನಿಗೆ ಇದರ ಬೆಲೆ ಅವನಿಗೇ ಗೊತ್ತು.

ಒಂದು ತಮಾಷೆಯ ಸಂಗತಿ. ಇವರು ಶೋಧಿಸಿದ ಪೆಪ್ಟೈಡುಗಳಲ್ಲಿ ಒಂದನ್ನು ಲಾಬ್‌ಸ್ಟರ್ ಎಂಬ ದೊಡ್ಡ ಸೀಗಡಿಗೆ ಚುಚ್ಚಿದಾಗ ಅದು ಎದೆಯೆತ್ತಿ ಜಟ್ಟಿಯ ಭಂಗಿಯಲ್ಲಿ ನಿಂತಿತಂತೆ. ಆ ಪೆಪ್ಟೈಡಿಗೆ 'ಕಿಂಗ್ ಕಾಂಗ್' ಎಂದೇ ಹೆಸರಿಟ್ಟರು. ಉಡವು ಸಿನಿಮಾಕ್ಕೆ ಕೊಟ್ಟ ಹೆಸರನ್ನು ಹುಳು ಹೀಗೆ ಸದ್ದಿಲ್ಲದೆ ಕಸಿದುಕೊಂಡಿತು.

ಮನಿಲಾದ ಈ ವೃತ್ತಾಂತ ನಮ್ಮಂತಹ ಸರ್ಕಾರೀ ಕಾಲೇಜುಗಳವರಿಗೆ ಕಿವಿಮಾತಿನಂತಿದೆ. ಉಪಕರಣವಿಲ್ಲ, ಗ್ರಂಥವಿಲ್ಲ, ಅನುದಾನ ಬಂದಿಲ್ಲ ಎಂಬ ದೂರು ನಮ್ಮಲ್ಲಿ ವರ್ಷವರ್ಷವೂ ಕೇಳಿಬರುವುದು. ದೂರು ಸುಳ್ಳಲ್ಲ, ಅನುದಾನ ಬರಲೇಬೇಕು, ಅದನ್ನು ಕೇಳುವುದನ್ನು ಬಿಡಲೂಬಾರದು. ಆದರೆ ಅದು ಬರುವ ತನಕ ನಮ್ಮ ಊರಿನ ಕೆರೆಯ ದಂಡೆಯಲ್ಲಿ, ಬೇಲಿಯ ಸಾಲಿನಲ್ಲಿ, ಹಳೆಯ ಶಾಸನದ ಕಲ್ಲಿನಲ್ಲಿ ನೋಡತಕ್ಕುದು ಏನೂ ಇಲ್ಲವೆಂದು ಹೇಳುವವರನ್ನು ನಾನು ಒಪ್ಪಲಾರೆ.

ಉಡದ ಪಕ್ಷದವರು ಇಲ್ಲಿ ಒಂದು ಆಕ್ಷೇಪವೆತ್ತಬಹುದು. "ಉಪಯೋಗವೊಂದೇ ಪ್ರಾಣಿಯ ಬೆಲೆಗೆ ಅಳತೆಗೋಲೇನು? ಅದಲ್ಲದೆ ಉಡವೇನು ನಿರುಪಯೋಗಿಯೆ?" ಎಂದು. ನ್ಯಾಯವಾದ ಪ್ರಶ್ನೆ. ಉಡದ ರಕ್ತದಲ್ಲಿರುವ ಒಂದು ಪದಾರ್ಥವನ್ನು ಅನುಸರಿಸಿ ತಯಾರಿಸಿದ ಪೆಪ್ಟೈಡು, ಇಲಿಗಳ ಕೀವುಗಟ್ಟಿದ ಗಾಯಗಳನ್ನು ಬೇಗ ಮಾಯಿಸಿತೆಂದು ೨೦೧೭ರಲ್ಲಿ ಅಮೆರಿಕದ ವಿದ್ವಾಂಸರು ಪ್ರಕಟಿಸಿದರು. ಕೊಳಕುಬಾಯಿಯೆಂದು ದೂರಿಸಿಕೊಂಡ ಪ್ರಾಣಿಯಿಂದಲೇ ಕೀವಿಗೆ ಮದ್ದು! ಮತ್ತೊಂದು ಮಾತು: ಜಿಕೊನೊಟೈಡನ್ನು ಈಗ ಕಾರ್ಖಾನೆಯಲ್ಲಿಯೇ ತಯಾರಿಸುತ್ತಾರೆ, ಹುಳುವನ್ನು ಹಿಂಡಬೇಕಾಗಿಲ್ಲ. ಹಾಗಾದರೆ ಹುಳು ಅಳಿದರೆ ನಷ್ಟವೇನು ಎಂದು ವ್ಯಾಪಾರಿ ಕೇಳಿಯಾನು. ಉಪಯೋಗದ ವಾದವನ್ನು ಹಿಡಿದುಕೊಂಡವರು ಕೊನೆಗೆ ಈ ವ್ಯಾಪಾರಿಯ ಕೈಗೆ ಸಿಕ್ಕಿಬೀಳುತ್ತಾರೆ. ನನ್ನ ಉತ್ತರವಿಷ್ಟು: ನೂರಾರು ಜಾತಿಗಳು, ಒಂದೊಂದರಲ್ಲಿ ನೂರಾರು ಪದಾರ್ಥಗಳು; ಇವುಗಳಲ್ಲಿ ನಾವು ಓದಿರುವುದು ಅತ್ಯಲ್ಪ. ಗ್ರಂಥಭಂಡಾರದಲ್ಲಿ ಒಂದು ಪುಟವನ್ನು ನಕಲುಮಾಡಿಕೊಂಡವನು ಭಂಡಾರಕ್ಕೆ ಬೆಂಕಿಯಿಡಬಹುದೆ? ಇನ್ನು ನಕಲುಮಾಡುವಂಥದೇನೂ ಇಲ್ಲದ ಜಾತಿಗಳಿದ್ದರೆ, ಅವುಗಳಿಗೂ ತಮ್ಮ ಪಾಡಿಗೆ ತಾವು ಮೀನು ಹಿಡಿದುಕೊಂಡಿರುವ ಹಕ್ಕು ಇದ್ದೇ ಇದೆ.

ಈಗ ಇವೆರಡಕ್ಕೆ ಸಿಕ್ಕಿರುವ ರಕ್ಷಣೆಯನ್ನು ನೋಡಿ. ಉಡಕ್ಕಾಗಿ ೧೯೮೦ರಲ್ಲಿ ಕೊಮೊಡೋ ರಾಷ್ಟ್ರೀಯ ಉದ್ಯಾನವಾಯಿತು. ೧೯೯೧ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಲೋಕದ ಮೂಲೆಮೂಲೆಗಳಿಂದ ಪ್ರವಾಸಿಗಳು ಹಣ ತೆತ್ತು ಅದನ್ನು ನೋಡಲು ಹೋಗುತ್ತಾರೆ. ಕಡಲ ಮಟ್ಟ ಏರಿ ಅದರ ನೆಲೆ ಕುಗ್ಗುವ ಸಂಭವವಿರುವುದರಿಂದ ೨೦೨೧ರಲ್ಲಿ ಅದನ್ನು ಅಳಿವಿನಂಚಿನ ಪ್ರಾಣಿಯೆಂದು ಸಾರಲಾಯಿತು. ಇದು ಎಲ್ಲ ಪತ್ರಿಕೆಗಳಲ್ಲಿಯೂ ಬಂದಿತು. ಇದೆಲ್ಲ ಆಗಬೇಕಾದದ್ದೇ, ಇದರಲ್ಲಿ ಒಂದು ಕಾಸನ್ನೂ ಕಡಿಮೆಮಾಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಹುಳುವಿನ ಪಾಡೇನು? ಅದರ ನೆಲೆಯಾದ ಹವಳದ ದಿಬ್ಬಗಳು ನೀರಿನ ಕಾವಿನಿಂದ ಬಿಳಿಚಿ ಸಾಯುತ್ತಿವೆ. ಅಷ್ಟು ಸಾಲದೆಂದು ಚಿಪ್ಪಿಗಾಗಿ ಅದನ್ನು ಆಯುತ್ತಾರೆ. ೨೦೦೩ರಲ್ಲಿಯೇ ಎರಿಕ್ ಚಿವಿಯನ್ ಮೊದಲಾದವರು 'ಸೈನ್ಸ್' ಪತ್ರಿಕೆಗೆ ಕಾಗದ ಬರೆದು, ಈ ಹುಳುಗಳನ್ನು ಕಾಪಾಡಿರೆಂದು ಎಚ್ಚರಿಸಿದರು. ೨೦೧೩ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಲೆಕ್ಕಕ್ಕೆ ತೆಗೆದುಕೊಂಡ ೬೩೨ ಜಾತಿಗಳ ಪೈಕಿ ೬೭ ಜಾತಿಗಳು ಅಪಾಯದಲ್ಲಿವೆ ಇಲ್ಲವೆ ಅಪಾಯದ ಹೊಸ್ತಿಲಿನಲ್ಲಿವೆ ಎಂದು ಕಂಡುಬಂದಿತು. ನಮ್ಮ ದೇಶದಲ್ಲಿ ೨೦೦೧ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ಕೆಲವು ಚಿಪ್ಪುಪ್ರಾಣಿಗಳನ್ನು ಸೇರಿಸಿದಾಗ, ಮೊದಲನೆಯ ಅನುಸೂಚಿಯಲ್ಲಿ ಶಂಕುಗಳ ಪೈಕಿ ಒಂದೇ ಒಂದು ಜಾತಿಗೆ ಸ್ಥಾನ ದೊರೆಯಿತು. ಕನ್ಯಾಕುಮಾರಿಯ ಅಥವಾ ರಾಮೇಶ್ವರದ ಅಂಗಡಿಬೀದಿಯಲ್ಲಿ ಚಿಪ್ಪುಗಳ ಸರವನ್ನೂ ದೀಪದ ಬುರುಡೆಯನ್ನೂ ಚೌಕಾಸಿಮಾಡಿ ಕೊಂಡುತಂದ ಬಂಧುಗಳಿಲ್ಲದ ಮನೆ ನಮ್ಮಲ್ಲಿ ಅಪರೂಪ. ಆ ಚಿಪ್ಪುಗಳಲ್ಲಿ ಎಷ್ಟೋ, ಸತ್ತು ದಡಕ್ಕೆ ಬಂದವಲ್ಲ. ಜೀವಸಹಿತ ತಂದು ಕುದಿಸಿ ಬರಿದುಮಾಡಿದವು.

ಗಾತ್ರದಿಂದ ಕೂಡ ಎಲ್ಲರಿಗೂ ರಕ್ಷಣೆ ಸಿಕ್ಕುವುದಿಲ್ಲವೆಂಬುದಕ್ಕೆ ನಮ್ಮ ಊರಿನ ಉಡವೇ ಸಾಕ್ಷಿ. ೧೯೭೨ರ ಕಾಯಿದೆಯಿದ್ದರೂ ಅದನ್ನು ಮಾಂಸಕ್ಕೆ, ಎಣ್ಣೆಗೆ, ಚರ್ಮಕ್ಕೆ ಕೊಲ್ಲುವುದು ನಿಂತಿಲ್ಲ. ಅದರ ಗುಪ್ತಾಂಗವನ್ನು ಒಣಗಿಸಿ 'ಹತ್ತಾ ಜೋಡಿ' ಎಂಬ ಗಿಡದ ಬೇರೆಂದು ಹೇಳಿ, ಲಕ್ಷ್ಮಿ ಒಲಿಯುವಳೆಂದು ನಂಬಿಸಿ ಮಾರುವ ದಂಧೆಯೂ ಹೊರಬಿದ್ದಿದೆ. ಕೊಮೊಡೋ ಉಡದ ಚಿತ್ರ ನೋಡಿ ಬೆರಗಾಗುವ ನಾವು ಬೇಲಿಯ ಉಡಕ್ಕೆ 'ಅಪಶಕುನ' ಎಂದು ಕಲ್ಲು ಬೀರುತ್ತೇವೆ.

ನನ್ನ ಮತ ಹುಳುವಿಗೆ. ಮುಂದಿನ ವರ್ಷ ನಮ್ಮ ಚರ್ಚಾಕೂಟದವರು ಈ ವಿಷಯವನ್ನಿಟ್ಟುಕೊಂಡರೆ ಉಡದ ಪರವಾಗಿ ಮಾತನಾಡುವವರಿಗೂ ಸಾಕಷ್ಟು ಸರಕು ಇದೆಯೆಂಬುದನ್ನು ಮೇಲಿನ ಬರಹದಿಂದಲೇ ತೆಗೆದುಕೊಳ್ಳಬಹುದು.

ಕಡೆಯದಾಗಿ, ಪ್ರವಾಸಕ್ಕೆಂದು ಲಕ್ಷದ್ವೀಪದ ಕಡೆಗೋ ರಾಮೇಶ್ವರದ ಕಡೆಗೋ ಹೋಗುವ ಗೆಳೆಯರಿಗೆ ಒಂದು ಸೂಚನೆ. ಮರಳಿನ ಮೇಲೆ ಬರಿದಾಗಿ ಬಿದ್ದಿರುವ ಚಿಪ್ಪಿನಿಂದ ಭಯವಿಲ್ಲ. ಆದರೆ ನೀರಿನೊಳಗೆ ಶಂಕುವಿನಾಕಾರದ ಅಂದವಾದ ಚಿಪ್ಪನ್ನು ಕಂಡು, ಅದರ ಸೀಳಿನಲ್ಲಿ ಮಾಂಸಲವಾದದ್ದೇನಾದರೂ ಇದೆಯೆಂಬ ಅನುಮಾನವಿದ್ದರೆ ಮುಟ್ಟಬೇಡಿ, ಜೇಬಿನಲ್ಲಂತೂ ಇಟ್ಟುಕೊಳ್ಳಲೇಬೇಡಿ. ಬಟ್ಟೆಯನ್ನು ದಾಟಿಯೂ ಅದರ ಈಟಿ ಇಳಿಯಬಲ್ಲುದು. ಅಗಲವಾದ ತುದಿಯನ್ನು ಹಿಡಿದರೆ ಸುರಕ್ಷಿತವೆಂದು ಹೇಳುವವರಿದ್ದಾರೆ. ಅದರ ಸೊಂಡಿಲು ಹಿಂದಕ್ಕೂ ಬಾಗಿ ಅಲ್ಲಿಗೂ ತಲಪಬಹುದು.